ಒಲೆಯ ಮುಂದಿನ ಲೆಕ್ಕ



ನಿಮ್ಮ ಬೀದಿಯಲ್ಲೋ ಪಕ್ಕದ ಬೀದಿಯಲ್ಲೋ ಮನೆಯಲ್ಲೇ ತಿಂಡಿ ಮಾಡಿ ಮಾರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಹಬ್ಬಕ್ಕೆ ಹೋಳಿಗೆ, ಸೀಮಂತಕ್ಕೆ ಚಕ್ಕುಲಿ ಕೋಡುಬಳೆ, ಹಾಸ್ಟೆಲಿಗೆ ಹೊರಟ ಮಗನಿಗೆ ಚಟ್ನಿಪುಡಿ, ಪರದೇಶದಲ್ಲಿರುವ ಮಗಳಿಗೆ ಸಾರಿನಪುಡಿ, ಹೀಗೆ ಅವರ ನೆನಪಾಗುವ ಸಂದರ್ಭಗಳು ಹಲವು. ಬಾಗಿಲಿಗೆ ಬೋರ್ಡು ಇರುವುದಿಲ್ಲ. ಹಿಂದೆ ಬಾಯಿಂದ ಬಾಯಿಗೆ ಹೋಗುತ್ತಿದ್ದ ಹೆಸರು ಇಂದು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಇಂಥ ಮನೆಯ ಯಜಮಾನಿ ಒಂದು ದಿನಕ್ಕೆ ಎಷ್ಟು ತೀರ್ಮಾನಗಳನ್ನು ಕೈಗೊಳ್ಳುತ್ತಾರೆಂದು ನೀವು ಎಂದಾದರೂ ಎಣಿಸಿದ್ದೀರಾ? ಇವತ್ತು ಎಷ್ಟು ಸೇರು ಅಕ್ಕಿ ನೆನೆಹಾಕಬೇಕು, ಎಣ್ಣೆ ಇನ್ನೊಮ್ಮೆ ಬಳಸಬಹುದೇ, ಉದ್ದಿನಬೇಳೆ ದುಬಾರಿಯಾಗಿದೆ, ದರ ಏರಿಸಬೇಕೇ, ಮದುವೆಮನೆಯವರು ಕೇಳಿದ ಮುನ್ನೂರು ಹೋಳಿಗೆಗೆ ಒಪ್ಪಬೇಕೇ, ಸಾಲ ಕೇಳುವ ಗಿರಾಕಿಗೆ ಏನು ಹೇಳಬೇಕು? ದೊಡ್ಡ ಕಾರ್ಖಾನೆಯಲ್ಲಿ ಖರೀದಿಗೆ ಒಬ್ಬರು, ಗುಣಮಟ್ಟಕ್ಕೆ ಒಬ್ಬರು, ಮಾರಾಟಕ್ಕೆ ಒಬ್ಬರು, ಹಣಕಾಸಿಗೆ ಒಬ್ಬರು ಇರುತ್ತಾರೆ. ಇಲ್ಲಿ ನಾಲ್ವರೂ ಒಬ್ಬರೇ. ಅದೂ ಬಾಣಲೆಯಲ್ಲಿ ಎಣ್ಣೆ ಕಾಯುತ್ತಿರುವಾಗ, ಕುಕ್ಕರ್ ಕೂಗುತ್ತಿರುವಾಗ, ಮಗು ಶಾಲೆಯಿಂದ ಬರುವ ಹೊತ್ತಿನಲ್ಲಿ.

ಚಿತ್ರೀಕರಣಕ್ಕೆಂದು ಇಂಥ ಹಲವು ಅಡುಗೆಮನೆಗಳಲ್ಲಿ ಗಂಟೆಗಟ್ಟಲೆ ನಿಂತು ನೋಡುವ ಅವಕಾಶ ನನಗೆ ಸಿಕ್ಕಿದೆ. ಈ ತೀರ್ಮಾನಗಳು ಹೇಗೆ ಹುಟ್ಟುತ್ತವೆ, ಎಲ್ಲಿ ಗಟ್ಟಿಯಾಗಿರುತ್ತವೆ, ಎಲ್ಲಿ ಸೋರಿಹೋಗುತ್ತವೆ ಎಂಬುದನ್ನು ಇಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ನೀವೇ ಇಂಥ ಉದ್ಯಮ ನಡೆಸುತ್ತಿದ್ದರೆ ಒಂದು ಹಾಳೆ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಮುಂದೆ ಸ್ವಲ್ಪ ಲೆಕ್ಕವಿದೆ.

ಮೊದಲು ಒಂದು ಸ್ವಾರಸ್ಯಕರ ವಿಷಯ. ಅಮೆರಿಕದಲ್ಲಿ ನೆಲೆಸಿರುವ ಭಾರತೀಯ ಮೂಲದ ವಿದ್ವಾಂಸೆ ಸರಸ್ ಸರಸ್ವತಿ ಅವರು ಅನುಭವಿ ಉದ್ಯಮಿಗಳು ಹೇಗೆ ನಿರ್ಧಾರ ಮಾಡುತ್ತಾರೆಂದು ಅಧ್ಯಯನ ಮಾಡಿ 2001ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅರ್ಥಶಾಸ್ತ್ರದಲ್ಲಿ 1978ರ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿದವರು ಅವರು. ತಮ್ಮ ವಿಚಾರವನ್ನು ವಿವರಿಸಲು ಅವರು ಆರಿಸಿಕೊಂಡ ಹೋಲಿಕೆ ಅಡುಗೆಯದೇ. ಅಡುಗೆ ಮಾಡುವುದರಲ್ಲಿ ಎರಡು ವಿಧ. ಮೊದಲನೆಯದರಲ್ಲಿ ಏನು ಬಡಿಸಬೇಕೆಂದು ಮೊದಲೇ ಗೊತ್ತಿರುತ್ತದೆ. ಪಟ್ಟಿ ಹಿಡಿದು ಸಾಮಾನು ತಂದು ಅದನ್ನೇ ಮಾಡುತ್ತೇವೆ. ಎರಡನೆಯದರಲ್ಲಿ ಕಪಾಟು ತೆರೆದು ಏನಿದೆ ಎಂದು ನೋಡಿ, ಇದ್ದುದರಲ್ಲಿ ಏನಾಗುತ್ತದೋ ಅದನ್ನು ಮಾಡುತ್ತೇವೆ. ಪಳಗಿದ ಉದ್ಯಮಿಗಳು ಬಹುಮಟ್ಟಿಗೆ ಎರಡನೆಯ ದಾರಿ ಹಿಡಿಯುತ್ತಾರೆಂಬುದು ಅವರು ಕಂಡುಕೊಂಡ ಸಂಗತಿ. ಎಷ್ಟು ಲಾಭ ಬಂದೀತು ಎಂದು ಕೇಳುವ ಬದಲು, ಕೈಬಿಟ್ಟರೆ ಎಷ್ಟು ಕಳೆದುಕೊಳ್ಳಬಲ್ಲೆ ಎಂದು ಅವರು ಮೊದಲು ಕೇಳಿಕೊಳ್ಳುತ್ತಾರೆ.

ನಮ್ಮ ಮನೆ ಉದ್ಯಮದ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅಜ್ಜಿಯಿಂದ ಬಂದ ಒಂದು ಹದ, ಮನೆಯಲ್ಲಿರುವ ಒರಳು ಅಥವಾ ಗ್ರೈಂಡರ್, ನಾಲ್ಕು ಮಂದಿ ಪರಿಚಯದವರು, ಇಷ್ಟೇ ಅವರ ಕಪಾಟು. ಮೊದಲ ವಾರ ಎರಡು ಕಿಲೋ ಮಾಡುತ್ತಾರೆ. ಹೋಗದಿದ್ದರೆ ಮನೆಯವರೇ ತಿನ್ನುತ್ತಾರೆ. ನಷ್ಟದ ಮಿತಿ ಅಷ್ಟೇ.

ಇದರ ಅತಿ ಪ್ರಸಿದ್ಧ ಉದಾಹರಣೆ ಮುಂಬಯಿಯ ಲಿಜ್ಜತ್ ಹಪ್ಪಳ. 1959ರ ಮಾರ್ಚ್ 15ರಂದು ಗಿರ್‌ಗಾಂವ್‌ನ ಒಂದು ಕಟ್ಟಡದ ತಾರಸಿಯಲ್ಲಿ ಏಳು ಮಂದಿ ಗೃಹಿಣಿಯರು ಸೇರಿ ಹಪ್ಪಳ ಲಟ್ಟಿಸತೊಡಗಿದರು. ಬಂಡವಾಳ, ಸಮಾಜಸೇವಕ ಛಗನ್‌ಲಾಲ್ ಕರಮ್‌ಸಿ ಪಾರೇಖ್ ಅವರಿಂದ ಸಾಲವಾಗಿ ಪಡೆದ 80 ರೂಪಾಯಿ. ಮೊದಲ ದಿನ ತಯಾರಾದದ್ದು ನಾಲ್ಕು ಪೊಟ್ಟಣ. ಮೊದಲ ವರ್ಷ ಮಳೆಗಾಲ ಬಂದಾಗ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಲ್ಲಿಸಬೇಕಾಯಿತು. ಮರುವರ್ಷ ಅವರು ಮಾಡಿದ್ದೇನು? ಒಂದು ಮಂಚ, ಒಂದು ಸ್ಟೌವ್ ಕೊಂಡರು. ಮಂಚದ ಮೇಲೆ ಹಪ್ಪಳ ಹರಡಿ ಕೆಳಗೆ ಸ್ಟೌವ್ ಹಚ್ಚಿಟ್ಟರು. ಮಳೆ ಸುರಿಯುತ್ತಿದ್ದರೂ ಹಪ್ಪಳ ಒಣಗಿತು. ಒಣಗಿಸುವ ಯಂತ್ರಕ್ಕೆ ಸಾಲ ಮಾಡುವ ಯೋಚನೆಗಿಂತ ಮೊದಲು ಮಂಚದ ಯೋಚನೆ ಬಂತಲ್ಲ, ಅದೇ ಕಪಾಟು ತೆರೆದು ನೋಡುವ ಬುದ್ಧಿ.

ಹಾಗಾದರೆ ಈ ಪದ್ಧತಿಯಲ್ಲಿ ಕೊರತೆಯೇ ಇಲ್ಲವೇ? ಇದೆ. ಕಪಾಟಿನಲ್ಲಿರುವ ಎಲ್ಲವನ್ನೂ ಆಕೆ ಎಣಿಸುತ್ತಾರೆ, ಒಂದನ್ನು ಬಿಟ್ಟು. ಆ ಒಂದು, ತನ್ನದೇ ದುಡಿಮೆ.

ದರ ಹೇಗೆ ಗೊತ್ತುಮಾಡಿದಿರಿ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಒಂದು, “ಅಂಗಡಿಯ ದರಕ್ಕಿಂತ ಹತ್ತು ರೂಪಾಯಿ ಕಡಿಮೆ ಇಟ್ಟೆ.” ಇನ್ನೊಂದು, “ಸಾಮಾನಿನ ಖರ್ಚು ಹೋಗಿ ಕೈಗೆ ಏನೋ ಸ್ವಲ್ಪ ಉಳಿಯುತ್ತೆ.” ಆ ‘ಏನೋ ಸ್ವಲ್ಪ’ ಎಷ್ಟೆಂದು ಈಗ ಬಿಡಿಸಿ ನೋಡೋಣ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಬೆಲೆಗಳನ್ನು ಅಲ್ಲಿ ಹಾಕಿಕೊಳ್ಳಿ.

ದಿನಕ್ಕೆ 5 ಕಿಲೋ ಚಕ್ಕುಲಿ ಮಾಡುತ್ತೀರಿ ಎಂದಿಟ್ಟುಕೊಳ್ಳಿ. ಅಕ್ಕಿ, ಉದ್ದು, ಬೆಣ್ಣೆ, ಎಳ್ಳು, ಎಣ್ಣೆ ಸೇರಿ 650 ರೂಪಾಯಿ. ಗ್ಯಾಸಿಗೆ 60. ಕವರು, ಚೀಟಿಗೆ 50. ಒಟ್ಟು ಖರ್ಚು 760. ಕಿಲೋಗೆ 200ರಂತೆ ಮಾರಿದರೆ ಬರುವುದು 1000. ಉಳಿದದ್ದು 240 ರೂಪಾಯಿ. ಪರವಾಗಿಲ್ಲ ಎನ್ನಿಸುತ್ತದೆ. ಈಗ ಗಡಿಯಾರ ನೋಡಿ. ಅಕ್ಕಿ ತೊಳೆದು ಒಣಗಿಸಿ, ಉದ್ದು ಹುರಿದು, ಗಿರಣಿಗೆ ಹೋಗಿ ಬಂದು, ಹಿಟ್ಟು ಕಲಸಿ, ಒತ್ತಿ, ಕರಿದು, ಆರಿಸಿ, ತೂಗಿ, ಕಟ್ಟುವುದಕ್ಕೆ ನಿಮ್ಮ 8 ಗಂಟೆ, ಅತ್ತೆಯವರ 3 ಗಂಟೆ. ಒಟ್ಟು 11 ಗಂಟೆ. 240ನ್ನು 11ರಿಂದ ಭಾಗಿಸಿದರೆ ಗಂಟೆಗೆ 22 ರೂಪಾಯಿಯೂ ಬರುವುದಿಲ್ಲ. ನಿಮ್ಮ ಊರಿನಲ್ಲಿ ಬೇರೆಯವರ ಮನೆಯ ಕೆಲಸಕ್ಕೆ ಹೋದರೆ ಗಂಟೆಗೆ ಎಷ್ಟು ಸಿಗುತ್ತದೆಂಬುದನ್ನು ಇದರ ಪಕ್ಕದಲ್ಲಿ ಬರೆಯಿರಿ.

ಈಗ ದರ ಏರಿಸುವ ಪ್ರಶ್ನೆ. ಬಹಳ ಮಂದಿ ಇದಕ್ಕೆ ಹೆದರುತ್ತಾರೆ. “ಗಿರಾಕಿ ಹೋಗಿಬಿಟ್ಟರೆ?” ಎಂಬ ಭಯ ಸಹಜವೇ. ಆ ಭಯಕ್ಕೂ ಲೆಕ್ಕ ಹಾಕೋಣ. ಕಿಲೋಗೆ 200 ಇದ್ದದ್ದನ್ನು 260 ಮಾಡಿದಿರಿ. ಕೊಳ್ಳುವವರು ಕಡಿಮೆಯಾಗಿ 5 ಕಿಲೋ ಹೋಗುತ್ತಿದ್ದ ಕಡೆ ಮೂರೂವರೆ ಕಿಲೋ ಮಾತ್ರ ಹೋಯಿತು. ಬಂದ ಹಣ 910. ಖರ್ಚು ಅದೇ ಪ್ರಮಾಣದಲ್ಲಿ ಇಳಿದು 532. ಉಳಿದದ್ದು 378 ರೂಪಾಯಿ. ಹತ್ತು ಗಿರಾಕಿಗಳಲ್ಲಿ ಮೂವರು ಬಿಟ್ಟುಹೋದ ಮೇಲೂ ಕೈಗೆ ಮೊದಲಿಗಿಂತ 138 ರೂಪಾಯಿ ಹೆಚ್ಚು ಬಂತು, ದುಡಿಮೆಯೂ ಮೂರು ಗಂಟೆಯಷ್ಟು ತಗ್ಗಿತು. ಯಾರೂ ಬಿಟ್ಟುಹೋಗದಿದ್ದರೆ 540 ಉಳಿಯುತ್ತದೆ. ದರ ಏರಿದ್ದು ಶೇಕಡಾ 30, ನಿಮ್ಮ ಗಳಿಕೆ ಏರಿದ್ದು ಎರಡು ಪಟ್ಟಿಗೂ ಮಿಗಿಲು. ಖರ್ಚೆಲ್ಲ ಕಳೆದ ಮೇಲೆ ಉಳಿಯುವ ತೆಳು ಪದರವೇ ನಿಮ್ಮ ಕೂಲಿಯಾಗಿರುವುದರಿಂದ ಹೀಗಾಗುತ್ತದೆ. ಎಣ್ಣೆಯ ಬೆಲೆ ಸ್ವಲ್ಪ ಏರಿದರೂ ಕರಗುವುದು ಆ ಪದರವೇ.

ಇನ್ನು ಸಂತೋಷದ ಸುದ್ದಿಯಂತೆ ಬರುವ ದೊಡ್ಡ ಆರ್ಡರು. ಅಂಗಡಿಯವರೊಬ್ಬರು ವಾರಕ್ಕೆ 20 ಕಿಲೋ ಕೊಡಿ, ಕಿಲೋಗೆ 170 ಕೊಡುತ್ತೇನೆ, ಹಣ ತಿಂಗಳ ಕೊನೆಗೆ ಎನ್ನುತ್ತಾರೆ. ಮನೆಯವರೆಲ್ಲ ಹಿಗ್ಗುತ್ತಾರೆ. ನಮ್ಮ ಲೆಕ್ಕದಂತೆ ಕಿಲೋಗೆ ಖರ್ಚು 152. ಉಳಿಯುವುದು 18. ಇಪ್ಪತ್ತು ಕಿಲೋಗೆ 360 ರೂಪಾಯಿ. ಅದಕ್ಕೆ ನಾಲ್ಕು ದಿನ, 44 ಗಂಟೆ ದುಡಿಯಬೇಕು. ಗಂಟೆಗೆ 8 ರೂಪಾಯಿ ಚಿಲ್ಲರೆ. ತಿಂಗಳ ಸಾಲ ಬೇರೆ. ಹಣ ಕೈಸೇರುವ ಮೊದಲೇ ನಾಲ್ಕು ವಾರದ ಎಣ್ಣೆ, ಬೆಣ್ಣೆ ನೀವೇ ತರಬೇಕು. ಮನೆಗೇ ಬಂದು ಕೊಳ್ಳುತ್ತಿದ್ದ ಹಳೆಯ ಗಿರಾಕಿಗಳಿಗೆ ಆ ನಾಲ್ಕು ದಿನ ನೀವು ‘ಇಲ್ಲ’ ಎನ್ನಬೇಕು. ವ್ಯಾಪಾರ ಬೆಳೆಯಿತೆಂದು ಕಾಣುತ್ತದೆ. ಬೆಳೆದದ್ದು ದುಡಿಮೆ ಮಾತ್ರ.

ಲಿಜ್ಜತ್ ಸಂಸ್ಥೆಯ ವ್ಯವಸ್ಥೆಯಲ್ಲಿ ನಾನು ಮುಖ್ಯವೆಂದು ಭಾವಿಸುವ ಅಂಶ ಇಲ್ಲಿದೆ. ಅಲ್ಲಿ ಹಿಟ್ಟನ್ನು ಶಾಖೆಯಲ್ಲಿ ಒಟ್ಟಾಗಿ ಕಲಸುತ್ತಾರೆ. ಸದಸ್ಯೆಯರು ಅದನ್ನು ಮನೆಗೆ ಒಯ್ದು, ಲಟ್ಟಿಸಿ, ಒಣಗಿಸಿ ಮರಳಿ ತರುತ್ತಾರೆ. ಲಟ್ಟಿಸಿದ್ದಕ್ಕೆ ಕಿಲೋ ಲೆಕ್ಕದಲ್ಲಿ ಕೂಲಿ ಉಂಟು. ಲಾಭ ನಷ್ಟದ ಹಂಚಿಕೆ ಆಮೇಲಿನ ಮಾತು. ದುಡಿಮೆಗೆ ಮೊದಲು ಬೆಲೆ ಕಟ್ಟಿ, ಅದನ್ನು ಖರ್ಚಿನ ಪಟ್ಟಿಗೆ ಸೇರಿಸಿ, ನಂತರ ಹಪ್ಪಳದ ದರ ನಿಗದಿಯಾಗಬೇಕು ಎಂಬ ನ್ಯಾಯ ಅದರಲ್ಲಿದೆ. ಆರಂಭದಲ್ಲಿ ಅವರು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರು, ಕೆಳದರ್ಜೆಯದನ್ನು ಅಗ್ಗವಾಗಿ ಮಾರಬಹುದೆಂದು. ಒಂದೇ ಗುಣಮಟ್ಟ ಇರಲಿ, ಅದರಲ್ಲಿ ರಾಜಿ ಬೇಡ ಎಂದು ಪಾರೇಖ್ ಅವರು ಬುದ್ಧಿ ಹೇಳಿದರು. ಅಗ್ಗದ ದಾರಿ ಅಲ್ಲಿಗೆ ಮುಚ್ಚಿತು. ಏಳು ಮಂದಿಯಿಂದ ಆರಂಭವಾದ ಸಂಸ್ಥೆಯಲ್ಲಿ ಇಂದು 45 ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದಾರೆ. ಸ್ಥಾಪಕರಲ್ಲಿ ಒಬ್ಬರಾದ ಜಸ್ವಂತಿಬೆನ್ ಜಮ್ನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು.

ನಿಮ್ಮದು ಒಂಟಿ ಅಡುಗೆಮನೆಯಾದರೂ ಇದೇ ನ್ಯಾಯ ಅನ್ವಯಿಸುತ್ತದೆ. ನಿಮ್ಮ ಗಂಟೆಗೆ ಒಂದು ಬೆಲೆ ಬರೆದಿಡಿ. ಐವತ್ತೋ ಎಪ್ಪತ್ತೋ, ನೀವೇ ನಿಶ್ಚಯಿಸಿ. ಅತ್ತೆಯವರ ಗಂಟೆಗೂ ಅದೇ ಬೆಲೆ. ಅದನ್ನು ಎಣ್ಣೆ ಬೆಣ್ಣೆಗಳ ಸಾಲಿನಲ್ಲೇ ಸೇರಿಸಿ ಕೂಡಿ. ಬರುವ ದರ ಮಾರುಕಟ್ಟೆಯಲ್ಲಿ ನಡೆಯದಷ್ಟು ಹೆಚ್ಚಾದರೆ ಬೇರೆ ತಿಂಡಿ ಆರಿಸಿಕೊಳ್ಳಬಹುದು, ಬೇಗ ಮಾಡುವ ದಾರಿ ಹುಡುಕಬಹುದು. ಪುಡಿಗಳನ್ನೇ ನೋಡಿ. ಹುಳಿಪುಡಿಗೆ ಹುರಿಯುವ ಕೆಲಸ ನಿಮ್ಮದು, ಬೀಸುವ ಕೆಲಸ ಗಿರಣಿಯದು. ಪ್ರತಿ ಕಿಲೋಗೆ ಬೇಕಾಗುವ ಗಂಟೆ ಚಕ್ಕುಲಿಗಿಂತ ಎಷ್ಟೋ ಕಡಿಮೆ. ಹೀಗೆ ಗಂಟೆಯ ಲೆಕ್ಕ ಹಾಕಿದಾಗ ಯಾವ ತಿಂಡಿ ನಿಮ್ಮನ್ನು ಸಾಕುತ್ತಿದೆ, ಯಾವುದನ್ನು ನೀವು ಸಾಕುತ್ತಿದ್ದೀರಿ ಎಂಬುದು ಹಾಳೆಯ ಮೇಲೆ ಕಾಣುತ್ತದೆ.

ದುಡಿಮೆಯ ಲೆಕ್ಕದಷ್ಟೇ ಮುಖ್ಯವಾದದ್ದು ಕಾಲದ ಲೆಕ್ಕ. ಮಲೆನಾಡಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವವರು, ಕರಾವಳಿಯಲ್ಲಿ ಹಲಸಿನ ಹಪ್ಪಳ ಮಾಡುವವರು ಇಡೀ ವರ್ಷದ ತೀರ್ಮಾನವನ್ನು ಕೆಲವೇ ವಾರಗಳಲ್ಲಿ ಕೈಗೊಳ್ಳಬೇಕು. ಮಿಡಿ ಮರದಲ್ಲಿ ಬಲಿತುಬಿಟ್ಟರೆ ಮುಗಿಯಿತು. ಹಲಸಿನಕಾಯಿ ಹಣ್ಣಾದರೆ ಹಪ್ಪಳದ ಹದ ತಪ್ಪಿತು. ಮಳೆ ಹಿಡಿದರೆ ಬಿಸಿಲಿಲ್ಲ. ಬೇಸಿಗೆಯಲ್ಲಿ ಹಾಕಿದ ಹಣ ಮುಂದಿನ ತಿಂಗಳುಗಳಲ್ಲಿ ಚೂರುಚೂರಾಗಿ ಮರಳುತ್ತದೆ. ಇಂಥ ಕಡೆ ಕಳೆದ ವರ್ಷ ಯಾವ ತಿಂಗಳು ಎಷ್ಟು ಭರಣಿ ಖಾಲಿಯಾಯಿತು ಎಂಬ ಒಂದು ಪುಟದ ದಾಖಲೆ ಬಹಳ ಬೆಲೆಬಾಳುತ್ತದೆ. ಜ್ಞಾಪಕಶಕ್ತಿ ಚೆನ್ನಾಗಿ ಹೋದ ತಿಂಗಳನ್ನು ನೆನಪಿಡುತ್ತದೆ, ಉಳಿದುಹೋದ ಭರಣಿಗಳನ್ನು ಮರೆಯುತ್ತದೆ.

ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಆದ್ದರಿಂದ ತಿಂಡಿ ಎಷ್ಟು ದಿನ ಬಾಳುತ್ತದೆಂಬ ಪ್ರಶ್ನೆಯನ್ನು ಬಿಟ್ಟುಹೋಗಲಾರೆ. ಆಹಾರ ಕೆಡುವುದಕ್ಕೆ ಮುಖ್ಯ ಕಾರಣ ಅದರಲ್ಲಿ ಸೂಕ್ಷ್ಮಜೀವಿಗಳಿಗೆ ದೊರೆಯುವ ನೀರು. ಬೇಳೆ ಹೋಳಿಗೆಯ ಹೂರಣದಲ್ಲಿ ಅದು ಧಾರಾಳವಾಗಿದೆ. ಆದ್ದರಿಂದ ಒಂದೆರಡು ದಿನಕ್ಕೇ ಹಳಸುತ್ತದೆ. ಉಪ್ಪಿನಕಾಯಿಯಲ್ಲಿ ನೀರಿದ್ದರೂ ಉಪ್ಪು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಹುಳಿಯೂ ಕಾವಲಿರುತ್ತದೆ. ಉಪ್ಪು ಕಡಿಮೆ ಮಾಡಿ ಎಂದು ಗಿರಾಕಿ ಕೇಳಿದಾಗ ರುಚಿಯ ಜೊತೆಗೆ ಬಾಳಿಕೆಯೂ ಬದಲಾಗುತ್ತದೆಂಬುದು ನೆನಪಿರಲಿ. ಚಕ್ಕುಲಿಯಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಶತ್ರು ಬೇರೆ. ಗಾಳಿಯ ಆಮ್ಲಜನಕ ಎಣ್ಣೆಯೊಡನೆ ಕೂಡಿ ಕಮಟು ವಾಸನೆ ತರುತ್ತದೆ. ಬೆಳಕು, ಶಾಖ ಎರಡೂ ಅದನ್ನು ಬೇಗಗೊಳಿಸುತ್ತವೆ. ಮಳೆಗಾಲದ ತೇವ ಗರಿಗರಿಯನ್ನು ಕಸಿದುಕೊಳ್ಳುತ್ತದೆ.

‘ಒಂದು ತಿಂಗಳು ಇಡಬಹುದು’ ಎಂದು ಚೀಟಿಯಲ್ಲಿ ಬರೆಯುವ ಮೊದಲು ಒಂದು ಸುಲಭ ಪರೀಕ್ಷೆ ಮಾಡಿ. ಪ್ರತಿ ಒಬ್ಬೆಯಿಂದ ಮೂರು ಪೊಟ್ಟಣ ಎತ್ತಿಟ್ಟು ದಿನಾಂಕ ಬರೆಯಿರಿ. ಗಿರಾಕಿಯ ಮನೆಯಲ್ಲಿ ಇರುವಂತೆಯೇ ಸಾಮಾನ್ಯ ಶೆಲ್ಫಿನಲ್ಲಿಡಿ. ಹತ್ತನೆಯ ದಿನ ಒಂದು, ಇಪ್ಪತ್ತನೆಯ ದಿನ ಒಂದು, ಮೂವತ್ತನೆಯ ದಿನ ಒಂದು ತೆರೆದು ಮೂಸಿ, ಮುರಿದು, ತಿಂದು ನೋಡಿ, ಒಂದೇ ಸಾಲಿನಲ್ಲಿ ಬರೆದಿಡಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಇದನ್ನು ಮಾಡಿದರೆ ನಿಮ್ಮ ಕೈಯಲ್ಲಿರುವುದು ಅಂದಾಜಲ್ಲ, ಪುರಾವೆ. ಪಕ್ಕದ ಮನೆಯವರು ಚಕ್ಕುಲಿ ಮೆತ್ತಗಾಗಿದೆ ಎಂದು ಬಂದು ಹೇಳುತ್ತಾರೆ. ಮೊಬೈಲಿನಲ್ಲಿ ತರಿಸಿಕೊಂಡ ದೂರದ ಗಿರಾಕಿ ಹೇಳುವುದಿಲ್ಲ, ಮತ್ತೆ ಕೊಳ್ಳುವುದನ್ನು ನಿಲ್ಲಿಸುತ್ತಾನೆ. ಹೆಚ್ಚಿನ ಸಲಹೆ ಬೇಕಾದವರಿಗೆ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಅಲ್ಪಾವಧಿ ತರಬೇತಿಗಳನ್ನು ನಡೆಸುತ್ತದೆ.

ಕರಿದ ಎಣ್ಣೆಯ ವಿಷಯವೂ ಹೀಗೆಯೇ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಒಡೆದು ಧ್ರುವೀಯ ಸಂಯುಕ್ತಗಳೆಂಬ ಅನಪೇಕ್ಷಿತ ವಸ್ತುಗಳು ಹೆಚ್ಚುತ್ತವೆ. ಇವು ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಗೆ ಬಂದಿದೆ. ಮನೆಯಲ್ಲಿ ಅಳೆಯುವ ಸಾಧನ ಇಲ್ಲದಿರಬಹುದು. ಬಣ್ಣ ಗಾಢವಾಗುವುದು, ನೊರೆ ಏಳುವುದು, ಬೇಗ ಹೊಗೆಯಾಡುವುದು, ಅಂಟಂಟಾಗುವುದು ಕಣ್ಣಿಗೆ ಕಾಣುವ ಸೂಚನೆಗಳು. ಎಣ್ಣೆ ಚೆಲ್ಲುವ ನಿರ್ಧಾರವನ್ನು ಬಾಣಲೆಯ ಮುಂದೆ ನಿಂತು ಮಾಡಬೇಡಿ. ಆಗ ಕೈ ಹಿಂಜರಿಯುತ್ತದೆ. ಎಷ್ಟು ಒಬ್ಬೆಗೆ ಎಣ್ಣೆ ಬದಲಿಸಬೇಕೆಂದು ಮೊದಲೇ ಗೋಡೆಯ ಮೇಲೆ ಬರೆದು, ಅದರ ಖರ್ಚನ್ನು ದರದಲ್ಲೇ ಸೇರಿಸಿಬಿಡಿ.

ಕಾನೂನಿನ ಬಗ್ಗೆ ಎರಡು ಮಾತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಮನೆಯಲ್ಲಿ ಮಾಡಿ ಮಾರುವವರಿಗೂ ಅನ್ವಯಿಸುತ್ತದೆ. ಸಣ್ಣ ತಯಾರಕರಿಗೆ ಪೂರ್ಣ ಪರವಾನಗಿಯ ಬದಲು ಸರಳವಾದ ನೋಂದಣಿ ಸಾಕು. 2011ರಲ್ಲಿ ನಿಯಮಗಳು ಬಂದಾಗ ಈ ಸೌಲಭ್ಯಕ್ಕೆ ವಾರ್ಷಿಕ 12 ಲಕ್ಷ ರೂಪಾಯಿ ವಹಿವಾಟಿನ ಮಿತಿ ಇಟ್ಟು, ವರ್ಷಕ್ಕೆ 100 ರೂಪಾಯಿ ಶುಲ್ಕ ಗೊತ್ತುಮಾಡಿದ್ದರು. ನೋಂದಣಿಯಾದವರಿಗೆ 14 ಅಂಕಿಗಳ ಸಂಖ್ಯೆ ಸಿಗುತ್ತದೆ. ಈಗಿನ ಮಿತಿ, ಶುಲ್ಕಗಳನ್ನು ನಿಮ್ಮ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಯಲ್ಲಿ ವಿಚಾರಿಸಿ. ಸಾಲದ ವಿಷಯದಲ್ಲೂ ಅದೇ ಎಚ್ಚರ ಇರಲಿ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಯೋಜನೆ, ಯೋಜನಾ ವೆಚ್ಚದ ಶೇಕಡಾ 35ರಷ್ಟನ್ನು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಸಹಾಯಧನವಾಗಿ ಕೊಡಲು ಅವಕಾಶ ಮಾಡಿತು. ಇದರಿಂದ ನೆರವಾದೀತು, ಸಂದೇಹವಿಲ್ಲ. ಆದರೆ ಸಹಾಯಧನ ಸಿಗುತ್ತದೆಂದು ಯಂತ್ರ ಕೊಳ್ಳಬೇಡಿ. ಯಂತ್ರ ನಿಮ್ಮ ಎಷ್ಟು ಗಂಟೆ ಉಳಿಸುತ್ತದೆ, ಆ ಗಂಟೆಗಳ ಬೆಲೆ ಸಾಲದ ಕಂತಿಗಿಂತ ಹೆಚ್ಚೇ ಎಂದು ನೋಡಿ ಕೊಳ್ಳಿ. ಗಂಟೆಗೆ ಬೆಲೆ ಕಟ್ಟದವರಿಗೆ ಈ ಪ್ರಶ್ನೆಯನ್ನು ಕೇಳಿಕೊಳ್ಳಲೂ ಆಗುವುದಿಲ್ಲ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಈ ಲೇಖನವನ್ನು ಓದುತ್ತಿರುವ ಪತಿ, ಮಗ, ಮಗಳು, ಮಾವನವರೇ, ಆಕೆ ದರ ಏರಿಸುತ್ತೇನೆಂದಾಗ ‘ಪರಿಚಯದವರ ಹತ್ತಿರ ಅಷ್ಟೊಂದು ಕೇಳುವುದು ಚೆನ್ನಾಗಿರುವುದಿಲ್ಲ’ ಎನ್ನುವ ಮೊದಲು ಆಕೆಯ ಹಾಳೆಯನ್ನು ಒಮ್ಮೆ ನೋಡಿ. ಹೇಗೂ ಮನೆಯಲ್ಲೇ ಇರುತ್ತಾಳಲ್ಲ, ಆ ಗಂಟೆಗೆ ಬೆಲೆ ಏಕೆ ಎಂಬ ಭಾವನೆ ಬಹಳ ಮನೆಗಳಲ್ಲಿ ಮಾತಿಲ್ಲದೆಯೇ ಇದೆ. ದರ ಕಡಿಮೆಯಾಗಿರಲು ಅಂಗಡಿಯ ಪೈಪೋಟಿಯಷ್ಟೇ ಈ ಭಾವನೆಯೂ ಕಾರಣ. ಸೊಂಟನೋವು, ಸುಟ್ಟ ಬೆರಳು, ನಿದ್ದೆಗೆಟ್ಟ ಹಬ್ಬದ ಹಿಂದಿನ ರಾತ್ರಿ, ಇವು ಯಾವ ಖಾತೆಗೂ ಏರದೆ ಹೋಗುತ್ತವೆ. ಕೆಲವು ವರ್ಷ ಹೀಗೆ ದುಡಿದು, ಒಂದು ದಿನ ಸದ್ದಿಲ್ಲದೆ ಬಾಣಲೆ ಮೇಲಿಟ್ಟುಬಿಟ್ಟ ಮನೆಗಳು ನಿಮ್ಮ ಬಡಾವಣೆಯಲ್ಲೂ ಇದ್ದಾವು. ಅಲ್ಲಿ ರುಚಿಗೂ ಗಿರಾಕಿಗೂ ಕೊರತೆ ಇರಲಿಲ್ಲ.

ಆದ್ದರಿಂದ ಈ ವಾರ ಒಂದೇ ಒಂದು ಕೆಲಸ ಮಾಡಿ. ಎಣ್ಣೆ, ಬೇಳೆ, ಬೆಲ್ಲ ಬರೆಯುವ ನಿಮ್ಮ ಪುಸ್ತಕದಲ್ಲಿ ಇನ್ನೊಂದು ಕಲಮನ್ನು ಎಳೆಯಿರಿ. ಅದರ ತಲೆಯ ಮೇಲೆ ‘ಗಂಟೆ’ ಎಂದು ಬರೆಯಿರಿ. ಏಳು ದಿನ ಪ್ರಾಮಾಣಿಕವಾಗಿ ತುಂಬಿ, ಎಂಟನೆಯ ದಿನ ಕೂಡಿ ನೋಡಿ. ಯಾವ ಆರ್ಡರಿಗೆ ಹೂಂ ಎನ್ನಬೇಕು, ಯಾವುದಕ್ಕೆ ಇಲ್ಲ ಎನ್ನಬೇಕು ಎಂಬುದನ್ನು ಆ ಕಲಮೇ ನಿಮಗೆ ಹೇಳುತ್ತದೆ.